ಪೊಕೊ ಆಯಿಯ ಹೊಲ ಮತ್ತು ನಾನು ನುಂಗಿದ ಒಂದಕ್ಷರ

ಬಾಗೇವಾಡಿ

ಫ್ರೆಂಚ್ ಕಲಿಯಲು ನಾನು ಫ್ರಾನ್ಸಿಗೆ ಹೋಗಿದ್ದೆನೆಂದು ನಂಬಿದವರು ಸಿಂದಗಿಯಲ್ಲಿ ಈಗಲೂ ಇದ್ದಾರೆ. ಸಂತೆಯಲ್ಲಿ ಸಿಕ್ಕರೆ ಆ ಕಬ್ಬಿಣದ ಗೋಪುರ ಹತ್ತಿದಿರೇನು ಎಂದು ಕೇಳುತ್ತಾರೆ. ಇಲ್ಲ. ನಾನು ಫ್ರೆಂಚ್ ಕಲಿತದ್ದು ಆಫ್ರಿಕದ ಅಪ್ಪರ್ ವೋಲ್ಟಾ ದೇಶದ ಕುಲ್ಗೊ ಎಂಬ ಹಳ್ಳಿಯಲ್ಲಿ, ಮಣ್ಣಿನ ಗೋಡೆಯ ಸಾಲೆಯೊಂದರಲ್ಲಿ, ಎಂಟೊಂಬತ್ತು ವರ್ಷದ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು. ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಮೂವತ್ತನಾಲ್ಕು ವರ್ಷ.

ನನ್ನೂರು ಕನ್ನೊಳ್ಳಿ. ಕೃಷಿ ಸಹಾಯಕನಾಗಿ ಇಂಡಿ, ಮುದ್ದೇಬಿಹಾಳ ಸುತ್ತಿ ಆಗ ಬಸವನ ಬಾಗೇವಾಡಿಯಲ್ಲಿದ್ದೆ. ಕೆಲಸವೆಲ್ಲ ಜೋಳದ್ದು. ಆ ದೇಶದ ಜನರೂ ಜೋಳವನ್ನೇ ಉಣ್ಣುತ್ತಾರೆ, ಮಳೆಯೂ ನಮ್ಮಂತೆಯೇ ಕೈಕೊಡುತ್ತದೆ, ನಮ್ಮ ಬೇಗ ಬರುವ ತಳಿಯನ್ನು ಅಲ್ಲಿ ಒಂದು ಮಳೆಗಾಲ ಬಿತ್ತಿ ನೋಡಲು ಒಬ್ಬರು ಬೇಕು ಎಂದು ಮೇಲಿನಿಂದ ಕಾಗದ ಬಂತು. ದೊಡ್ಡ ಸಾಹೇಬರು ಯಾರೂ ಒಪ್ಪಲಿಲ್ಲ. ಕಾಗದ ಒಂದೊಂದೇ ಮೇಜು ಇಳಿದು ನನ್ನ ಮೇಜಿಗೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಮೇಜಿರಲಿಲ್ಲ.

ಅವ್ವನಿಗೆ ಹೇಳಲು ಊರಿಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು.

"ಅಲ್ಲೆ ಏನ್ ತಿಂತಾರೋ?" ಎಂದಳು.

"ಜ್ವಾಳಾನ ತಿಂತಾರಂತ."

"ಹಂಗಾರ ಮನಷ್ಯಾರ ಅದಾರ. ಹೋಗಿ ಬಾ."

ಹೊರಡುವ ಮೊದಲು ಬೊಂಬಾಯಿಯಲ್ಲಿ ಹದಿನೈದು ದಿನ ಫ್ರೆಂಚ್ ಪಾಠವಾಯಿತು. ಅಷ್ಟರಲ್ಲಿ ನಾನು ಕಲಿತದ್ದು ಸುಮಾರು ನೂರು ಕ್ರಿಯಾಪದಗಳ ಮೂಲರೂಪ ಮಾತ್ರ. ಅವನ್ನು ಹೇಗೆ ತಿರುಗಿಸಿ ಬಳಸಬೇಕೆಂಬುದು ಹದಿನಾರನೆಯ ದಿನದ ಪಾಠವಿದ್ದಿರಬೇಕು.

ಪ್ಯಾರಿಸ್, ಅರ್ಧ ದಿನ

ವಿಮಾನ ಬದಲಿಸಲು ಪ್ಯಾರಿಸ್ಸಿನಲ್ಲಿ ಅರ್ಧ ದಿನ ಕೂತೆ. ನಿಲ್ದಾಣದ ಗಾಜಿನಾಚೆ ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ನಾನು ಕಂಡ ಪ್ಯಾರಿಸ್ ಅಷ್ಟೇ.

ಹಸಿವೆಯಾಗಿತ್ತು. ವಿಮಾನದಲ್ಲಿ ಕೊಟ್ಟ ತಟ್ಟೆಯಲ್ಲಿ ಯಾವುದು ಮಾಂಸ, ಯಾವುದು ಅಲ್ಲ ಎಂದು ತಿಳಿಯದೆ ಬ್ರೆಡ್ಡಿನ ತುಂಡೊಂದನ್ನೇ ತಿಂದಿದ್ದೆ. ಒಂದು ಅಂಗಡಿಯಲ್ಲಿ ಬಾಳೆಹಣ್ಣು ಕಂಡವು. ಕೊಳ್ಳುವುದಕ್ಕೆ ‘ಅಶ್ತೇ’ ಅನ್ನಬೇಕೆಂದು ಕಲಿತಿದ್ದೆ, ‘ನಾನು’ ಎನ್ನಲು ‘ಜ’. ಎರಡನ್ನೂ ಕೂಡಿಸಿ, ಹಣ್ಣಿಗೆ ಬೆರಳು ತೋರಿಸಿ, "ಜಾಶ್ತೇ" ಎಂದೆ. ಅಂಗಡಿಯಾಕೆ ನಕ್ಕಳು, ತಲೆಯಾಡಿಸಿದಳು, ನನ್ನ ಹಿಂದೆ ನಿಂತವನ ಕಡೆ ತಿರುಗಿದಳು. ಮತ್ತೆ ಹೇಳಿದೆ. ಮತ್ತೆ ನಕ್ಕಳು. ಮೂರನೆಯ ಸಲ ನಾನೇ ನಾಚಿ ಹಿಂದೆ ಸರಿದೆ. ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ಬರಿಗೈಯಿಂದ ನೆಕ್ಕಿ ನೀರು ಕುಡಿದೆ.

ಎಲ್ಲಿ ತಪ್ಪಿದೆನೆಂಬುದು ಕುಲ್ಗೊ ಸಾಲೆಯಲ್ಲಿ ತಿಳಿಯಿತು. ‘ನಾನು ಕೊಳ್ಳುತ್ತೇನೆ’ ಎನ್ನುವಾಗ ಆ ಕ್ರಿಯಾಪದದ ಹೊಟ್ಟೆಯೊಳಗಿನ ಸ್ವರವೇ ಬದಲಾಗಿ ‘ಜಾಶೆಟ್’ ಆಗಬೇಕಂತೆ. ನಾನು ಅಂದದ್ದು ಆಕೆಯ ಕಿವಿಗೆ ‘ನಾನು ಕೊಂಡಾಗಿದೆ’ ಎಂದು ಕೇಳಿತ್ತು. ಕೊಂಡಾದವನಿಗೆ ನಗುವುದು ಬಿಟ್ಟು ಆಕೆ ಇನ್ನೇನು ಕೊಟ್ಟಾಳು?

ಕುಲ್ಗೊ

ರಾಜಧಾನಿಯಿಂದ ಲಾರಿಯಲ್ಲಿ ಕುಲ್ಗೊಕ್ಕೆ ಬಂದಾಗ ನನ್ನ ಬಿಳಿ ಅಂಗಿ ಮಸಾರಿ ಮಣ್ಣಿನ ಬಣ್ಣವಾಗಿತ್ತು. ಅಲ್ಲಿ ನಮ್ಮ ಕಪ್ಪು ಎರೆಭೂಮಿ ಇಲ್ಲ, ಎಲ್ಲವೂ ಕೆಂಪು. ಮನೆಗಳು ದುಂಡಗೆ, ಹುಲ್ಲಿನ ಟೋಪಿ ಹಾಕಿಕೊಂಡು, ಒಂದು ಅಂಗಳದ ಸುತ್ತ ಏಳೆಂಟು ಕೂತಿರುತ್ತವೆ. ಒಂದು ಅಂಗಳ ಅಂದರೆ ಒಂದು ಮನೆತನ.

ಸಾಲೆಯ ಶಿಕ್ಷಕಿ ಓದಿಲ್ ಅವರ ಅಂಗಳದಲ್ಲಿ ನನಗೊಂದು ದುಂಡು ಕೋಣೆ ಕೊಟ್ಟರು. ಅವರಿಗೆ ನಲವತ್ತರ ಹತ್ತಿರ ವಯಸ್ಸು. ಗಂಡ ಸಮುದ್ರದ ಕಡೆಯ ಬೇರೆ ದೇಶದಲ್ಲಿ ಕೆಲಸಕ್ಕಿದ್ದ. ಅಂಗಳಕ್ಕೆ ಹಿರಿಯಳು ಅವರ ಅತ್ತೆ ಪೊಕೊ, ಎಪ್ಪತ್ತರ ಹತ್ತಿರದ, ಬಿದಿರಿನಂತೆ ನೆಟ್ಟಗಿನ ಹೆಂಗಸು. ನಮ್ಮ ಕಡೆ ಸಾಲಿ ಕಲಿಸುವವರಿಗೆ ಅಕ್ಕೋರು ಅನ್ನುತ್ತೇವೆ, ಅಜ್ಜಿಗೆ ಆಯಿ ಅನ್ನುತ್ತೇವೆ. ಮೊದಲ ವಾರದಲ್ಲೇ ನನಗೆ ಅವರು ಓದಿಲ್ ಅಕ್ಕೋರು, ಪೊಕೊ ಆಯಿ ಆದರು. ಅರ್ಥ ಕೇಳಿದರು, ಹೇಳಿದೆ. ಇಬ್ಬರಿಗೂ ಹಿಡಿಸಿತು.

ಊರವರ ಭಾಷೆಯ ಹೆಸರು ಮೋರೆ. ಮೋರೆ ನೋಡಿಯೇ ಅರ್ಧ ತಿಳಿದುಕೊಳ್ಳಬೇಕಾಗಿತ್ತು. ಉಳಿದರ್ಧ ಫ್ರೆಂಚಿನಲ್ಲಿ, ಅದೂ ಅಕ್ಕೋರಿಗೆ ಚೆನ್ನಾಗಿ, ಆಯಿಗೆ ಚೂರುಪಾರು. ಮುಂದೆ ಅವರ ಮಾತುಗಳನ್ನೆಲ್ಲ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಯೊಳಗೆ ಬಂದು ಕೂತದ್ದು ಹಾಗೆಯೇ.

ಅಲ್ಲಿ ಯಾರನ್ನಾದರೂ ಕಂಡರೆ ನೇರವಾಗಿ ವಿಷಯಕ್ಕೆ ಹೋಗುವಂತಿಲ್ಲ. ನೀವು ಆರಾಮೇ, ಮನೆಯವರು ಆರಾಮೇ, ಮಕ್ಕಳು, ಕುರಿ, ಕತ್ತೆ ಎಲ್ಲ ಆರಾಮೇ ಎಂದು ಕೇಳಬೇಕು, ಪ್ರತಿಯೊಂದಕ್ಕೂ "ಲಾಫಿ" ಎಂಬ ಉತ್ತರ ಬರಬೇಕು. ಮುದ್ದೇಬಿಹಾಳದ ಬಸ್ಸಿನಲ್ಲಿ ಬೀಗರು ಸಿಕ್ಕ ಹಾಗೆ. ಕೊಟ್ಟದ್ದನ್ನು ತೆಗೆದುಕೊಂಡಾಗ "ಬರ್ಕಾ" ಅನ್ನುತ್ತಾರೆ. ಒಳಿತಾಗಲಿ ಎನ್ನುವ ನಮ್ಮ ಬರಕತ್ತು ಅಷ್ಟು ದೂರ ನಡೆದುಹೋಗಿ ಬಾಲ ಕಳೆದುಕೊಂಡಿತ್ತು.

ಊಟಕ್ಕೆ ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಅವರ ಮಾತಿನಲ್ಲಿ ತೋ. ಜೊತೆಗೆ ಎಂಥದೋ ಸೊಪ್ಪಿನ ಹುಳಿ. ಮೊದಲ ತುತ್ತಿಗೇ ನನ್ನ ಕಣ್ಣು ತುಂಬಿತು. ಅದು ನಮ್ಮ ಮನೆಯ ಪುಂಡಿಪಲ್ಯವೇ. ಎರಡನೆಯ ತುತ್ತಿಗೆ ಒಣಮೀನಿನ ತುಂಡು ಬಾಯಿಗೆ ಬಂದು ಕಣ್ಣು ಇನ್ನೊಂದು ರೀತಿಯಲ್ಲಿ ತುಂಬಿತು. ನಾನು ಅಂಗಳದಾಚೆ ಓಡಿದೆ. ಪೊಕೊ ಆಯಿ ಏನೂ ಕೇಳಲಿಲ್ಲ. ಮರುದಿನದಿಂದ ನನಗಾಗಿ ಒಂದು ಚಿಕ್ಕ ಮಡಕೆ ಬೇರೆ ಒಲೆಯ ಮೇಲೆ ಕೂತಿತು. ಬೆಳಿಗ್ಗೆ ಎದ್ದೊಡನೆ ಜೋಳದ ಹಿಟ್ಟು ಕದಡಿದ ನೀರನ್ನು ಸೋರೆ ಬುರುಡೆಯಲ್ಲಿ ತಂದು ಕೊಡುವಳು. ಅತಿಥಿಗೆ ಕೊಡುವ ಮರ್ಯಾದೆ ಅದು. ಒಂದು ದಿನವೂ ತಪ್ಪಿಸಲಿಲ್ಲ.

ಸಾಲೆ

ನನ್ನ ಫ್ರೆಂಚ್ ಕೇಳಿ ಕೇಳಿ ಸಾಕಾಗಿ ಒಂದು ದಿನ ಅಕ್ಕೋರು ಅಂದರು: "ನಾಳೆ ಸಾಲಿಗೆ ಬಂದು ಕೂಡು. ಸಣ್ಣವ್ರ ಜೋಡಿ."

ಹೋಗಿ ಕೂತೆ. ಮೊಣಕಾಲು ಬೆಂಚಿಗೆ ತಾಗುತ್ತಿದ್ದವು. ಮಕ್ಕಳು ಎರಡು ದಿನ ನಕ್ಕರು, ಮೂರನೆಯ ದಿನ ಮರೆತರು. ನಾವು ಮಗ್ಗಿ ಒದರಿದಂತೆ ಅವರು ಕ್ರಿಯಾಪದ ಒದರುತ್ತಿದ್ದರು. ಅಕ್ಕೋರು ನನಗಾಗಿಯೇ ಆರಿಸಿದ ಪದ ‘ಬಿತ್ತು’. ಮೂಲರೂಪ ‘ಸಮೇ’. ನಾನು ಬಿತ್ತುತ್ತೇನೆ ಅಂದರೆ ‘ಜ ಸೆಮ್’, ನೀನು ಬಿತ್ತುತ್ತೀಯೆ ಅಂದರೆ ‘ಟ್ಯು ಸೆಮ್’, ಅವನು ಬಿತ್ತುತ್ತಾನೆ ಅಂದರೆ ‘ಇಲ್ ಸೆಮ್’. ನಾವು, ನೀವು ಬಂದಾಗ ಮಾತ್ರ ಪದ ಮತ್ತೆ ಹಳೆಯ ವೇಷಕ್ಕೆ ಮರಳಿ ‘ನು ಸಮೋಂ’, ‘ವು ಸಮೇ’. ಅವರು ಅಂದರೆ ಮತ್ತೆ ‘ಸೆಮ್’.

ನಾನು ಪ್ರತಿ ಸಲವೂ "ಜ ಸಮೇ" ಅನ್ನುವೆ. ಇಡೀ ತರಗತಿ ಒಂದೇ ದನಿಯಲ್ಲಿ "ಸೆಮ್!" ಎಂದು ತಿದ್ದುವುದು.

"ಇದೆಂಥ ಪದ್ಧತಿರಿ ಅಕ್ಕೋರ? ನಾ ಬಿತ್ತಿದ್ರ ಒಂದು, ನಾವು ಬಿತ್ತಿದ್ರ ಇನ್ನೊಂದು?"

"ಒಬ್ಬಾಂವ ಗುದ್ದಲಿ ಹಿಡದ್ರ ಬೆನ್ನ ಬಾಗತೈತಿ. ಎಲ್ಲಾರೂ ಕೂಡಿ ಹಿಡದ್ರ ಅಷ್ಟ ಬಾಗೂದಿಲ್ಲ. ಹಂಗ ತಿಳಕೊ."

"ಹಂಗಾರ ‘ಅವರು’ ಅಂದ್ರೂ ಭಾಳ ಮಂದಿನ ಅಲ್ರಿ?"

ಅಕ್ಕೋರು ಬೆತ್ತದ ಕಡೆ ನೋಡಿದರು. ನಾನು ಮತ್ತೆ ‘ಜ ಸೆಮ್’ನಿಂದ ಒದರತೊಡಗಿದೆ.

ಸಾಲೆ ಬಿಟ್ಟ ಮೇಲೆ ಅವರಿಗೆ ಕುತೂಹಲ. "ನಿಮ್ಮ ಭಾಷಾದಾಗ ಹಿಂಗ ಹೊಟ್ಟಿ ಬದಲಿ ಮಾಡೂ ಪದ ಇಲ್ಲೇನು?"

ಸ್ವಲ್ಪ ಯೋಚಿಸಿ ಹೇಳಿದೆ: "ಬಾ. ಬರ್ತೇನಿ. ಬಂದೆ."

"ಬಾ ಎಲ್ಲಿ ಹೋತು?"

ನನಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು, ಒಂದು ದಿನವೂ ಹುಡುಕಿರಲಿಲ್ಲ.

"ಮತ್ತ ‘ಬಂದೆ’ ಅನ್ನೂದರಾಗ ‘ನಾನು’ ಎಲ್ಲೈತಿ?"

"ಬಾಲದಾಗ ಐತ್ರಿ. ನಾವು ‘ನಾನು’ ಅಂತ ಬ್ಯಾರೆ ಹೇಳೂದ ಬೇಕಾಗಿಲ್ಲ."

ಅಕ್ಕೋರು ಬೆರಳೆತ್ತಿದರು. "ಅದಕ್ಕ ನೀ ‘ಜ’ ನುಂಗ್ತಿ. ನಮ್ಮದರಾಗ ಬಾಲಕ್ಕ ದನೀನ ಇಲ್ಲ. ‘ಜ’ ಬಿಟ್ಟಿ ಅಂದ್ರ ಮಾತಾಡಿದಾಂವ ಯಾರು, ಕೆಲಸ ಮಾಡಾಂವ ಯಾರು, ಒಂದೂ ತಿಳ್ಯೂದಿಲ್ಲ. ನುಂಗಬ್ಯಾಡ."

ನುಂಗುವುದಿಲ್ಲ ಎಂದೆ.

ಮೊದಲ ಮಳೆ

ಜೂನ್ ಶುರುವಿನಲ್ಲಿ ಒಂದು ಮಧ್ಯಾಹ್ನ ಮಳೆ ಬಂತು. ಕೆಂಪು ನೆಲ ಹಬೆಯಾಡಿತು. ಊರಿನ ಗಂಡಸರು ಹೊಲಕ್ಕೆ ಬಂದು ಮಣ್ಣು ಹಿಡಿದು, ಮೂಸಿ, ಮನೆಗೆ ಹೋದರು. ಇದು ಸುಳ್ಳು ಮಳೆ, ನಿಜವಾದದ್ದು ಇನ್ನೂ ಬರಬೇಕು ಎಂದು ಅವರ ಲೆಕ್ಕ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಊರವರು ನನಗೆ ಬಿಟ್ಟುಕೊಟ್ಟ ಹೊಲದಲ್ಲಿ ಮೊದಲ ಮಳೆಗೆ ಒಂದು ಸಣ್ಣ ಪಟ್ಟಿ, ಹದವಾದ ಮಳೆಗೆ ಉಳಿದದ್ದು ಬಿತ್ತಿ ಹೋಲಿಸಿ ನೋಡು ಎಂದು ನನಗೆ ಆದೇಶವಿತ್ತು. ಒಣಗಿದರೆ ಒಣಗಿತೆಂದು ಬರೆಯುವುದೇ ಕೆಲಸ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೋದೆ.

ಆ ಕಡೆ ಹೆಂಗಸರಿಗೆ ತಮ್ಮದೇ ಬೇರೆ ಹೊಲವಿರುತ್ತದೆ. ಗಂಡನಾಗಲಿ ಮಗನಾಗಲಿ ಅದರಲ್ಲಿ ಕೈಹಾಕುವಂತಿಲ್ಲ. ಪೊಕೊ ಆಯಿಯ ಹೊಲ ನನ್ನ ಪಟ್ಟಿಯ ಪಕ್ಕಕ್ಕೇ, ನಡುವೆ ಒಂದು ಸಾಲು ಕಲ್ಲು. ಆಯಿ ತನ್ನ ಬದಿಯಲ್ಲಿ ನಿಂತು, ಏನು ಮಾಡಾಕತ್ತಿ ಎಂಬಂತೆ ಕೈ ತಿರುಗಿಸಿ ಕೇಳಿದಳು. ಗಾಳಿ ಜೋರಾಗಿತ್ತು. ಒಂದು ತಿಂಗಳು ಬೆಂಚಿನ ಮೇಲೆ ಕೂತು ಕಲಿತದ್ದು ಬಾಯಿಗೆ ಬಂತು, ಹೊಟ್ಟೆಯ ಸ್ವರವೂ ಸರಿಯಾಗಿ ಬಂತು. ಖುಷಿಯಿಂದ ಕೂಗಿದೆ:

"ಸೆಮ್!"

ಆಕೆ ಕೇಳದವಳಂತೆ ನಿಂತಳು. ಇನ್ನೂ ಜೋರಾಗಿ, ಕೈಯಿಂದ ನೆಲ ತೋರಿಸುತ್ತ, "ಸೆಮ್! ಸೆಮ್!" ಎಂದೆ.

ಆಯಿಯ ಮುಖ ಬಿಗಿಯಿತು. ತಿರುಗಿ ಮನೆಯ ಕಡೆ ನಡೆದಳು. ಕೆಲಸವಿರಬೇಕು ಅಂದುಕೊಂಡೆ. ನನ್ನ ಮನಸ್ಸು ಆ ಒಂದು ಸ್ವರದ ಮೇಲೆಯೇ ಇತ್ತು. ತರಗತಿಯ ಮಕ್ಕಳು ಕೇಳಬೇಕಾಗಿತ್ತು ಎಂದು ಬೀಗುತ್ತ ಬೇಗ ಬೇಗ ಪಟ್ಟಿ ಮುಗಿಸಿ ಹೊಲ ಬಿಟ್ಟೆ. ಮಧ್ಯಾಹ್ನ ಲಾರಿ ಸಿಕ್ಕಿತು. ಗೊಬ್ಬರ ತರಲು ರಾಜಧಾನಿಗೆ ಹೊರಟೆ.

ತಿರುಗಿ ಬಂದ ದಿನ

ಎರಡು ದಿನದ ಕೆಲಸ ಹದಿನಾರು ದಿನ ಹಿಡಿಯಿತು. ಕಚೇರಿಗಳು ಎಲ್ಲ ದೇಶದಲ್ಲೂ ಒಂದೇ ತಾಯಿಯ ಮಕ್ಕಳು. ಆ ಹದಿನಾರು ದಿನ ಒಂದು ಹನಿಯೂ ಬೀಳಲಿಲ್ಲ.

ಕುಲ್ಗೊದಲ್ಲಿ ಇಳಿದು ನೇರ ಹೊಲಕ್ಕೆ ಹೋದೆ. ನನ್ನ ಪಟ್ಟಿಯ ಸಸಿಗಳು ನೂಲಿನಂತೆ ಒಣಗಿದ್ದವು. ಅದು ನಿರೀಕ್ಷಿಸಿದ್ದೇ. ಆದರೆ ಕಲ್ಲಿನ ಸಾಲಿನಾಚೆ ಪೊಕೊ ಆಯಿಯ ಇಡೀ ಹೊಲವೂ ಹಾಗೆಯೇ ಒಣಗಿ ನಿಂತಿತ್ತು. ಊರಿನ ಬೇರೆ ಯಾವ ಹೊಲದಲ್ಲೂ ಬೀಜ ಬಿದ್ದಿರಲಿಲ್ಲ.

ಅಂಗಳಕ್ಕೆ ಬಂದರೆ ಅಕ್ಕೋರು ಒಬ್ಬರೇ ಇದ್ದರು.

"ಆಯಿ ಯಾಕ ಬಿತ್ತಿದ್ರು ಅಕ್ಕೋರ? ಅದು ಸುಳ್ಳ ಮಳಿ ಅಂತ ಅವ್ರಿಗೆ ಗೊತ್ತಿತ್ತಲ್ಲ?"

"ನೀನ ಹೇಳಿದ್ಯಂತಲ್ಲ, ಬಿತ್ತು ಅಂತ. ಮೂರ ಸರ್ತೆ. ಕೈ ಮಾಡಿ."

"ನಾನೇನ್ರಿ? ನಾ ಬಿತ್ತಾಕತ್ತೇನಿ ಅಂದೆ. ಸೆಮ್ ಅಂದೆ."

"‘ಜ’ ಅಂದಿ ಏನು?"

ಆ ಬೆಳಗನ್ನು ಎಷ್ಟು ತಿರುವಿ ಹಾಕಿದರೂ ನನ್ನ ಬಾಯಿಂದ ‘ಜ’ ಹೊರಟದ್ದು ನೆನಪಾಗಲಿಲ್ಲ. ‘ಜ’ ಇಲ್ಲದ ‘ಸೆಮ್’ ಅಂದರೆ ಅಪ್ಪಣೆ. ಬಿತ್ತು! ಬಿತ್ತು! ಬಿತ್ತು!

ಆಗ ಅಕ್ಕೋರು ನನಗೆ ತಿಳಿಯದಿದ್ದ ಒಂದು ಸಂಗತಿ ಹೇಳಿದರು. ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಆಯಿ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ತೊಳೆ, ತಾ, ಬಿತ್ತು, ಹೋಗು. ಆಕೆಗೆ ಬರುವ ಫ್ರೆಂಚ್ ಅಷ್ಟೇ. ಆ ಕೆಲಸ ಬಿಟ್ಟು ಬಂದ ದಿನ, ಇನ್ನು ನನ್ನ ಹೊಲದಲ್ಲಿ ಯಾರೂ ನನಗೆ ಅಪ್ಪಣೆ ಕೊಡುವಂತಿಲ್ಲ ಎಂದಿದ್ದಳಂತೆ.

"ಬೀಜ ಹೋತಂತ ಅತ್ತಿಲ್ಲ ಆಕಿ," ಎಂದರು ಅಕ್ಕೋರು. "ನೀ ಒದರಿದ ಕೂಡ್ಲೆ ತನ್ನ ಕಾಲು ತಾವ ಮನಿಗಿ ಹೋಗಿ ಬೀಜ ತಂದುವಲ್ಲ, ಅದಕ್ಕ ಅತ್ತಾಳ."

ನಮ್ಮ ದೊಡ್ಡಪ್ಪ ಇಂಡಿಯ ಸರ್ಕಾರಿ ಬಂಗಲೆಯಲ್ಲಿ ಪಟ್ಟೇವಾಲ ಜವಾನನಾಗಿದ್ದ. ಮುದುಕನಾದ ಮೇಲೂ ಯಾರಾದರೂ ಜೋರಾಗಿ ಇಂಗ್ಲಿಷ್ ಮಾತಾಡಿದರೆ ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದ. ನಾವು ಹುಡುಗರು ಅದನ್ನು ನೋಡಿ ನಗುತ್ತಿದ್ದೆವು. ಆ ದಿನ ಕುಲ್ಗೊದ ಅಂಗಳದಲ್ಲಿ ಕೂತು ಆ ನಗುವಿಗೆ ನಾಚಿದೆ.

ಆಯಿಯ ಬಾಗಿಲು

ಮರುದಿನ ಬೆಳಿಗ್ಗೆ ಬುರುಡೆಯಲ್ಲಿ ನೀರು ಬರಲಿಲ್ಲ. ನನ್ನ ಚಿಕ್ಕ ಮಡಕೆ ಮಾತ್ರ ಒಲೆಯ ಮೇಲಿತ್ತು. ಸಿಟ್ಟಿದ್ದರೂ ಉಪವಾಸ ಕೆಡವುವ ಹೆಂಗಸಲ್ಲ ಆಕೆ.

ಅಕ್ಕೋರನ್ನು ಬೇಡಿಕೊಂಡೆ. ನೀವು ಆಯಿಗೆ ತಿಳಿಸಿ ಹೇಳಿ ಎಂದೆ.

"ತಪ್ಪು ನಿನ್ನ ಬಾಯಿ ಮಾಡೈತಿ. ನಿನ್ನ ಬಾಯಿಲೆ ಹೇಳು," ಅಂದರು.

ಎರಡು ದಿನ ಬೆಂಚಿನ ಮೇಲೆ ಕೂತು ಆ ಒಂದು ಪದವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒದರಿದೆ. ಮೂರನೆಯ ದಿನ ಆಯಿಯ ಬಾಗಿಲಿಗೆ ಹೋದೆ. ಶೇಂಗಾ ಸುಲಿಯುತ್ತಿದ್ದಳು. ಕತ್ತೆತ್ತಲಿಲ್ಲ. ನಾನು ನೆಲದ ಮೇಲೆ ಕೂತು, ಎದೆಯ ಮೇಲೆ ಕೈಯಿಟ್ಟು, ಕಲಿತ ನಾಲ್ಕು ಮೋರೆ ಪದಕ್ಕೆ ಕೈಸನ್ನೆ ಕೂಡಿಸಿ ಹೇಳಿದೆ: "ಜ. ಜ ಸೆಮ್. ಅವತ್ತ ನಾ ಹೇಳಬೇಕಾಗಿದ್ದು ಇದ್ರಿ. ಬಿತ್ತಾಂವ ನಾನು. ನಿಮಗ ಬಿತ್ತು ಅನ್ನಲಿಲ್ರಿ."

"ಸೆಮ್ ಅಂದ್ರ ಬಿತ್ತು ಅಂತ," ಎಂದಳು ಆಯಿ. "ನನಗ ಗೊತ್ತೈತಿ. ಅವರ ತ್ವಾಟದಾಗ ಹೂವಿನ ಬೀಜ ಹಾಕಿಸೂ ಮುಂದ ದಿನಾ ಅಂತಿದ್ರು."

"ಹೌದ್ರಿ. ಆದ್ರ ಮುಂದ ‘ಜ’ ಹಚ್ಚಿದ್ರ ಅದು ಅಪ್ಪಣಿ ಅಲ್ರಿ. ನಾ ‘ಜ’ ನುಂಗಿದೆ. ನನ್ನ ತಪ್ಪು."

ಆಕೆಯ ಬೆರಳು ನಿಂತವು. "ಜ ಅಂದ್ರೇನು?"

ನನಗೆ ಮೋರೆಯಲ್ಲಿ ಆ ಪದ ಬರುತ್ತಿರಲಿಲ್ಲ. ಮತ್ತೆ ಎದೆ ತಟ್ಟಿ ತೋರಿಸಿದೆ. ಅಷ್ಟರಲ್ಲಿ ಹಿಂದೆಯೇ ಬಂದು ನಿಂತಿದ್ದ ಅಕ್ಕೋರು ತಮ್ಮ ಭಾಷೆಯಲ್ಲಿ ಒಂದೇ ಪದ ಹೇಳಿದರು: ನಾನು.

ಆಯಿ ಶೇಂಗಾದ ಮೊರ ಪಕ್ಕಕ್ಕೆ ಸರಿಸಿ ಅಂದಳು: "ಹನ್ನೊಂದ ವರ್ಷ ಆ ಮನ್ಯಾಗ ದಿನಾ ಕೇಳೇನಿ. ಜ, ಜ, ಜ. ಬರೇ ಅವ್ರ ಅಂತಿದ್ರು. ಅದು ಅವ್ರ ಮನಿತನದ ಹೆಸರು ಅಂತ ತಿಳದಿದ್ದೆ."

ಅಕ್ಕೋರು ನಗಲು ಹೋಗಿ ನಿಲ್ಲಿಸಿದರು.

"ನಾನೂ ಅನಬಹುದೇನು ಅದನ್ನ?"

"ಯಾರ ಬೇಕಾದ್ರೂ ಅನಬಹುದು, ಅತ್ತಿ."

"ಜ," ಎಂದಳು ಆಯಿ, ರುಚಿ ನೋಡುವಂತೆ. "ಜ ಪೊಕೊ."

ಅಕ್ಕೋರಿಗೆ ಶಿಕ್ಷಕಿಯ ಚಟ. "ಹಂಗಲ್ಲ ಅತ್ತಿ. ‘ಜ ಮಾಪೆಲ್ ಪೊಕೊ’ ಅನಬೇಕು. ಅದೂ ಹೊಟ್ಟಿ ಬದಲಿ ಮಾಡೂ ಪದನ..."

"ನೀ ಸುಮ್ನಿರು. ಜ ಪೊಕೊ. ಅಷ್ಟ ಸಾಕು."

ಆಮೇಲೆ ನನ್ನ ಕಡೆ ತಿರುಗಿ, ಕೈಚಾಚಿ, ಬಂಗಲೆಯಲ್ಲಿ ಕಲಿತ ಇನ್ನೊಂದು ಪದ ಹೇಳಿದಳು: "ದೊನ್!" ಕೊಡು! ಏನನ್ನು ಎಂದು ಕೇಳುವ ಅಗತ್ಯವಿರಲಿಲ್ಲ. ನನ್ನ ಕೋಣೆಯಲ್ಲಿ ಹದವಾದ ಮಳೆಗಾಗಿ ಇಟ್ಟ ಎರಡು ಚೀಲ ಬೀಜವಿತ್ತು.

ಎರಡನೆಯ ಬಿತ್ತನೆ

ಆ ಬೀಜ ಸರ್ಕಾರದ್ದು. ನನ್ನ ಪರೀಕ್ಷೆಯ ತುಂಡಿಗೆಂದು ತೂಗಿ ಕೊಟ್ಟದ್ದು. ಕೊಟ್ಟರೆ ಪರೀಕ್ಷೆ ಅರ್ಧಕ್ಕೆ ಇಳಿಯುತ್ತದೆ, ಮೇಲಿನವರು ಕೇಳುತ್ತಾರೆ. ಇದನ್ನೆಲ್ಲ ಒಂದು ಸಂಜೆ ಯೋಚಿಸಿದೆ. ಆಮೇಲೆ ಒಂದು ಚೀಲ ಹೊತ್ತುಕೊಂಡು ಹೋಗಿ ಆಯಿಯ ಬಾಗಿಲಲ್ಲಿ ಇಳಿಸಿದೆ.

ನಾಲ್ಕು ದಿನದ ಮೇಲೆ ನಿಜವಾದ ಮಳೆ ಬಂತು. ಈ ಸಲ ಮಣ್ಣು ಮೂಸಿದ ಗಂಡಸರು ಮನೆಗೆ ಹೋಗಲಿಲ್ಲ. ಅಲ್ಲಿ ನಮ್ಮ ಕೂರಿಗೆ ಇಲ್ಲ, ಎತ್ತೂ ಇಲ್ಲ. ಮುಂದಿನವರು ಗಿಡ್ಡ ಕಾವಿನ ಗುದ್ದಲಿಯಿಂದ ಕುಣಿ ಹೊಡೆಯುತ್ತ ಹೋಗುತ್ತಾರೆ, ಹಿಂದಿನವರು ನಾಲ್ಕೈದು ಕಾಳು ಬಿಟ್ಟು ಕಾಲಿನಿಂದ ಮಣ್ಣು ಮುಚ್ಚುತ್ತಾರೆ. ಗುದ್ದಲಿ ಆಯಿಯದು, ಕಾಳು ನನ್ನದು.

"ಸೆಮ್!" ಎನ್ನುವಳು, ತಿರುಗಿ ನೋಡದೆ. ನಾನು ಕಾಳು ಬಿಡುವೆ. ಹತ್ತು ಹೆಜ್ಜೆಗೊಮ್ಮೆ "ಸೆಮ್!" ಹನ್ನೊಂದು ವರ್ಷ ಕೇಳಿದ್ದನ್ನು ಒಂದೇ ದಿನದಲ್ಲಿ ತಿರುಗಿ ಹೇಳಿ ಮುಗಿಸುವ ಅವಸರ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಹೋಗಿತ್ತು. ಆಕೆಯ ಸೊಂಟಕ್ಕೆ ಏನೂ ಆಗಿರಲಿಲ್ಲ. ಪಕ್ಕದ ಹೊಲದವಳು ಏನು ಮಾಡಾಕತ್ತೀರಿ ಎಂದು ಕೂಗಿದಾಗ ಆಯಿ ಗುದ್ದಲಿ ಎತ್ತಿ, ಎದೆ ತಟ್ಟಿಕೊಂಡು, ಇಡೀ ಊರಿಗೆ ಕೇಳುವಂತೆ ಉತ್ತರ ಕೊಟ್ಟಳು:

"ಜ ಸೆಮ್!"

ಆಮೇಲೆ ನನ್ನ ಕಡೆ ಬೆರಳು ಮಾಡಿ, ಹಿಂದಿನ ರಾತ್ರಿ ಸೊಸೆಯಿಂದ ಕಲಿತದ್ದನ್ನು ಸೇರಿಸಿದಳು: "ನು ಸೆಮೋಂ!"

‘ನು ಸಮೋಂ’ ಆಗಬೇಕಿತ್ತು. ನಾವು ಎಂಬಲ್ಲಿ ಹೊಟ್ಟೆಯ ಸ್ವರ ಬದಲಾಗಬಾರದು. ನಾನು ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಬುರುಡೆಯಲ್ಲಿ ನೀರು ಬಂತು.

ಸುಗ್ಗಿ

ಬೀಜ ಕಡಿಮೆಯಾದದ್ದು ರಾಜಧಾನಿಗೆ ತಿಳಿದು ಕಾರಣ ಕೇಳಿ ಕಾಗದ ಬಂತು. ನಡೆದದ್ದನ್ನು ನಡೆದ ಹಾಗೆ, ‘ಜ’ ನುಂಗಿದ್ದನ್ನೂ ಬಿಡದೆ ಬರೆದೆ. ಪೊಕೊ ಎಂಬವರ ಹೊಲವನ್ನೇ ಪರೀಕ್ಷೆಯ ಎರಡನೆಯ ತುಂಡೆಂದು ಹಿಡಿಯಬೇಕಾಗಿ ಕೋರಿದೆ. ಉತ್ತರ ಬರಲಿಲ್ಲ. ಬರದಿದ್ದದ್ದೇ ಒಪ್ಪಿಗೆ ಎಂದು ನಮ್ಮ ಇಲಾಖೆಯಲ್ಲಿ ಕಲಿತಿದ್ದೆ.

ನಮ್ಮ ತಳಿ ಬೇಗ ತೆನೆ ಬಿಟ್ಟಿತು. ಊರಿನ ಜೋಳ ಇನ್ನೂ ಹಸಿರಿರುವಾಗಲೇ ಆಯಿಯ ಹೊಲ ಕೊಯ್ಲಿಗೆ ಬಂತು. ಜನ ನೋಡಲು ಬಂದರು. ಆಯಿ ಹೊಸ ಕಾಳು ಕುಟ್ಟಿ, ಬೀಸಿ, ತೋ ಮಾಡಿ ಬಡಿಸಿದಳು. ಮುದ್ದೆ ನಿಲ್ಲಲಿಲ್ಲ. ತಟ್ಟೆಯಲ್ಲಿ ಹರಡಿಕೊಂಡು ಮಲಗಿತು. ಎಲ್ಲರೂ ನನ್ನನ್ನು ನೋಡಿದರು.

"ಲಗೂನ ಬರತೈತಿ," ಎಂದಳು ಆಯಿ, ನ್ಯಾಯ ಹೇಳುವವಳಂತೆ. "ಹೊಟ್ಟಿ ತುಂಬತೈತಿ. ಆದ್ರ ತೋ ಆಗೂದಿಲ್ಲ."

ನಮ್ಮಲ್ಲಿ ಇದರಿಂದ ರೊಟ್ಟಿ ಮಾಡುತ್ತೇವೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಮಾಡು ಅಂದರು. ಅವ್ವ ಬಡಿಯುವುದನ್ನು ಮೂವತ್ತು ವರ್ಷ ನೋಡಿದ್ದೆ, ಒಂದು ದಿನವೂ ಹಿಟ್ಟಿಗೆ ಕೈ ಹಚ್ಚಿರಲಿಲ್ಲ. ಬಿಸಿನೀರಲ್ಲಿ ಹಿಟ್ಟು ಕಲಸಿ ಬಡಿದೆ. ಮೊದಲನೆಯದು ಹರಿಯಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಬಿತ್ತು, ಕೋಳಿಗಳು ತಿಂದವು. ಆಯಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನು ಕೂತಳು. ಮೂರನೆಯದು ದಪ್ಪವಾಗಿತ್ತು, ಸ್ವಲ್ಪ ಓರೆಯಾಗಿತ್ತು, ಆದರೆ ಉಬ್ಬಿತು. ಪುಂಡಿಪಲ್ಯದ ಜೊತೆ ತಿಂದೆ. ಆ ರೊಟ್ಟಿಯ ಬಗ್ಗೆ ಇನ್ನೇನೂ ಬರೆಯಲಾರೆ.

ವರದಿಯ ಕೊನೆಯಲ್ಲಿ ಆಯಿಯ ಮಾತನ್ನೇ ಬರೆದೆ: ಬೇಗ ಬರುತ್ತದೆ, ಹೊಟ್ಟೆ ತುಂಬುತ್ತದೆ, ತೋ ಆಗುವುದಿಲ್ಲ. ವರದಿಯಲ್ಲಿ ಯಾರಾದರೂ ಓದಿದ ಸಾಲು ಅದೊಂದೇ ಎಂದು ಆಮೇಲೆ ತಿಳಿಯಿತು.

ಹೊರಟದ್ದು

ಹೊರಡುವ ಬೆಳಿಗ್ಗೆ ಅಂಗಳದ ತುಂಬ ಜನ. ಆಯಿಯ ಕಾಲು ಮುಟ್ಟಿ ನಮಸ್ಕರಿಸಿದೆ. ನಮ್ಮಲ್ಲಿ ಹೋಗುವಾಗ ‘ಹೋಗುತ್ತೇನೆ’ ಅನ್ನುವುದು ಅಪಶಕುನ. ಹೋಗಿ ಬರ್ತೇನಿ ಅನ್ನಬೇಕು. ಅದನ್ನೇ ಫ್ರೆಂಚಿಗೆ ತಿರುಗಿಸಿದೆ. ತಿರುಗಿ ಬರುವುದಕ್ಕೆ ‘ರವನೀರ್’, ಅದೂ ಹೊಟ್ಟೆ ಬದಲಿಸುವ ಪದ. ಈ ಸಲ ತಪ್ಪಲಿಲ್ಲ. ‘ಜ’ವನ್ನು ಗಟ್ಟಿಯಾಗಿ ಹೇಳಿ, "ಜ ರವ್ಯಾಂ" ಎಂದೆ.

ಆಯಿ ನನ್ನ ಎರಡೂ ಕೈ ಹಿಡಿದುಕೊಂಡು "ಬರ್ಕಾ" ಅಂದಳು.

ಊರಿಗೆ ಬಂದು, ಇಂಡಿಗೆ ವರ್ಗವಾಗಿ, ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಕೋರ ಕಾಗದ ಬಂತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಎಲ್ಲರೂ ಆರಾಮ, ಕತ್ತೆಯೂ ಆರಾಮ. ಆಮೇಲೆ ಹೀಗಿತ್ತು: "ಅತ್ತೆ ನಿನ್ನ ಪಾಲಿನ ಬೀಜ ಬೇರೆ ಗಡಿಗೆಯಲ್ಲಿ ತೆಗೆದಿಟ್ಟಿದ್ದಾಳೆ. ಮಳೆಗೆ ಮೊದಲು ನೀನು ಬರುತ್ತೀಯೆಂದು ಎಲ್ಲರಿಗೂ ಹೇಳುತ್ತಾಳೆ. ನಾನು ಸಂಶಯ ಪಟ್ಟರೆ, ಅವನು ‘ಜ’ ಹಚ್ಚಿ ಹೇಳಿದ್ದಾನೆ, ಅವನೇ ಬರುತ್ತಾನೆ ಅನ್ನುತ್ತಾಳೆ. ಅದು ನಿಮ್ಮ ಕಡೆಯ ವಾಡಿಕೆಯ ಮಾತೋ, ನಿಜವೋ? ವಾಡಿಕೆಯಾದರೆ ಬರೆ, ನಾನು ತಿಳಿಸಿ ಹೇಳುತ್ತೇನೆ."

ವಾಡಿಕೆಯ ಮಾತೇ ಆಗಿತ್ತು. ಹಾಗೆಂದು ಬರೆಯಲು ಕೂತೆ. ಅರ್ಧ ಪುಟವಾಯಿತು, ಮುಂದೆ ಕೈ ಓಡಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಆಕೆ ಕೇಳಿ, "ಬೀಜ ತಗದಿಟ್ಟಾಳಂತ, ಇನ್ನೇನ ಬರೀತಿ?" ಎಂದು ಒಳಗೆ ಹೋದಳು.

ಮರುವಾರ ವಿಜಾಪುರದ ಕಚೇರಿಯಲ್ಲಿ ಮತ್ತೊಂದು ಮಳೆಗಾಲಕ್ಕೆ ಕಳಿಸಬೇಕೆಂದು ಅರ್ಜಿ ಕೊಟ್ಟೆ. ಗುಮಾಸ್ತರು ವಯಸ್ಸಾದವರು. ಕನ್ನಡಕ ಏರಿಸಿ ಓದಿ, ನನ್ನನ್ನು ನೋಡಿದರು.

"ಕಾರಣ ಅಂಬೂ ಕಡೆ ಏನೂ ಬರದಿಲ್ಲಲ್ರಿ?"

"ಏನ ಬರೀಬೇಕು ತಿಳೀಲಿಲ್ರಿ. ಅಲ್ಲೆ ಒಬ್ಬ ಆಯಿಗೆ ಬರ್ತೇನಿ ಅಂದೀನ್ರಿ."

ಅವರು ಪೆನ್ನು ತೆಗೆದು ತಾವೇ ಆ ಖಾಲಿ ಜಾಗದಲ್ಲಿ ‘ಕೆಲಸ ಪೂರ್ತಿಯಾಗಿಲ್ಲ’ ಎಂದು ಬರೆದು ಶಿಕ್ಕಾ ಒತ್ತಿದರು.

ಆ ವರ್ಷ ಅಪ್ಪಣೆ ಬರಲಿಲ್ಲ. ಅದರ ಮರುವರ್ಷ ಬಂತು. ಮೇ ತಿಂಗಳ ಒಂದು ಸಂಜೆ ಲಾರಿ ನನ್ನನ್ನು ಕುಲ್ಗೊದ ದಾರಿಯಲ್ಲಿ ಇಳಿಸಿ ಹೋಯಿತು. ಅಂಗಳದಲ್ಲಿ ಪೊಕೊ ಆಯಿ ಚಾಪೆಯ ಮೇಲೆ ಕೂತಿದ್ದಳು, ಮೊದಲಿಗಿಂತ ಸಣ್ಣಗಾಗಿ, ಬಗಲಲ್ಲಿ ಒಂದು ಕೋಲು ಇಟ್ಟುಕೊಂಡು. ನನ್ನನ್ನು ನೋಡಿ ಏಳಲಿಲ್ಲ, ಅಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಮನೆಯವರು ಆರಾಮೇ ಎಂದು ಕೇಳಿದಳು. ಅವ್ವ ಆರಾಮೇ, ಹೆಂಡತಿ, ಮಕ್ಕಳು, ಎತ್ತು, ಆಕಳು. ಒಂದೊಂದಕ್ಕೂ ನಾನು "ಲಾಫಿ" ಅನ್ನುತ್ತ ಹೋದೆ. ಎಲ್ಲ ಮುಗಿದ ಮೇಲೆ ಸೊಸೆಯ ಕಡೆ ತಿರುಗಿ, ಒಲೆಯ ಮೇಲೆ ಆ ಚಿಕ್ಕ ಮಡಕೆ ಇಡಲು ಹೇಳಿದಳು.